ಶಿಶುಮರಣದ ವಿರುದ್ಧ ಸಮರ ಸಾರಿದ ವೈದ್ಯೆ ಜೋಸೆಫಿನ್ ಬೇಕರ್

ಬಡವರ ಕೇರಿಯಲ್ಲಿ ಹುಟ್ಟಿದ ಶಿಶು ಉಳಿಯುವುದೂ ಅಳಿಯುವುದೂ ದೈವೇಚ್ಛೆ ಎಂದು ನಂಬಿ ಇಡೀ ಮಹಾನಗರವೇ ಕೈಕಟ್ಟಿ ಕುಳಿತಿದ್ದ ಕಾಲವದು. ಆ ನಂಬಿಕೆ ಸುಳ್ಳೆಂದು ಲೆಕ್ಕಸಮೇತ ತೋರಿಸಿಕೊಟ್ಟವರು ಅಮೆರಿಕದ ನ್ಯೂಯಾರ್ಕ್ ನಗರದ ವೈದ್ಯೆ ಡಾ. ಸಾರಾ ಜೋಸೆಫಿನ್ ಬೇಕರ್. ಕಾಯಿಲೆ ಬಿದ್ದ ಕೂಸು ಆಸ್ಪತ್ರೆಗೆ ಬರಲೆಂದು ಕಾಯುವುದಕ್ಕಿಂತ, ಆರೋಗ್ಯವಾಗಿರುವ ಕೂಸಿನ ಮನೆಬಾಗಿಲಿಗೆ ಸರ್ಕಾರವೇ ಹೋಗಬೇಕು ಎಂಬುದು ಅವರ ಸಾಧನೆಯ ಸಾರ.

ಬೇಕರ್ ಜನಿಸಿದ್ದು 1873ರ ನವೆಂಬರ್ 15ರಂದು, ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಪಟ್ಟಣದಲ್ಲಿ. ತಂದೆ ವಕೀಲರು, ಅನುಕೂಲಸ್ಥ ಕುಟುಂಬ. ಆದರೆ ಅವರಿಗೆ 16 ವರ್ಷವಾಗಿದ್ದಾಗ ತಂದೆ ಟೈಫಾಯ್ಡ್‌ಗೆ ಬಲಿಯಾದರು. ತಮ್ಮನೂ ಅದೇ ಕಾಲದಲ್ಲಿ ತೀರಿಕೊಂಡ. ಪ್ರತಿಷ್ಠಿತ ವಾಸರ್ ಕಾಲೇಜು ಸೇರುವ ಕನಸನ್ನು ಬದಿಗಿಟ್ಟ ಬೇಕರ್, ಮನೆಯ ಭಾರ ಹೊರಲು ವೈದ್ಯವೃತ್ತಿಯನ್ನು ಆರಿಸಿಕೊಂಡರು. ಬ್ಲ್ಯಾಕ್‌ವೆಲ್ ಸಹೋದರಿಯರು ಕಟ್ಟಿದ್ದ ಮಹಿಳಾ ವೈದ್ಯಕೀಯ ಕಾಲೇಜಿನಿಂದ 1898ರಲ್ಲಿ ಪದವಿ ಪಡೆದರು. ಅಲ್ಲಿ ಅವರು ಅನುತ್ತೀರ್ಣರಾದ ಏಕೈಕ ವಿಷಯ ಆರೋಗ್ಯವಂತ ಶಿಶುವಿನ ಪಾಲನೆಗೆ ಸಂಬಂಧಿಸಿದ್ದು! ಮತ್ತೆ ಓದಿ ತೇರ್ಗಡೆಯಾದ ಆ ವಿಷಯವೇ ಮುಂದೆ ಅವರ ಜೀವನಕಾರ್ಯವಾಯಿತು.

ಖಾಸಗಿ ವೃತ್ತಿಯಿಂದ ಹೊಟ್ಟೆ ತುಂಬದ ಕಾರಣ 1901ರಲ್ಲಿ ಅವರು ನಗರದ ಆರೋಗ್ಯ ಇಲಾಖೆಯ ವೈದ್ಯಕೀಯ ತಪಾಸಕಿಯಾದರು. 1902ರ ಬೇಸಿಗೆಯಲ್ಲಿ ಕಾಯಿಲೆ ಬಿದ್ದ ಶಿಶುಗಳನ್ನು ಹುಡುಕುವ ಕೆಲಸ ಅವರ ಪಾಲಿಗೆ ಬಂತು. 'ಹೆಲ್ಸ್ ಕಿಚನ್' ಎಂದು ಕುಖ್ಯಾತವಾಗಿದ್ದ ಬಡಾವಣೆಯ ವಠಾರಗಳ ಮಹಡಿಗಳನ್ನು ಅವರು ಒಂದೊಂದಾಗಿ ಹತ್ತಿಳಿದರು. ಗಾಳಿ ಬೆಳಕಿಲ್ಲದ ಕೋಣೆಗಳು, ಉಸಿರುಗಟ್ಟಿಸುವ ಸೆಕೆ, ಕೆಟ್ಟ ಹಾಲು, ಅದರಿಂದ ಬರುವ ವಾಂತಿಭೇದಿ. ಬೇಸಿಗೆ ಬಂತೆಂದರೆ ಕೂಸುಗಳು ಸಾಯುವುದು ಸಹಜವೆಂದು ತಾಯಂದಿರೇ ನಿರ್ಲಿಪ್ತರಾಗಿ ಒಪ್ಪಿಕೊಂಡಿದ್ದರು. ವೈದ್ಯರು ತಲುಪುವ ಹೊತ್ತಿಗೆ ಬಹುತೇಕ ಶಿಶುಗಳ ಸ್ಥಿತಿ ಕೈಮೀರಿರುತ್ತಿತ್ತು. ಸಾಯುತ್ತಿರುವ ಮಗುವಿಗೆ ಮದ್ದು ಹುಡುಕುವುದರಲ್ಲಿ ಅರ್ಥವಿಲ್ಲ, ಅದು ಕಾಯಿಲೆ ಬೀಳದಂತೆ ತಡೆಯಬೇಕು ಎಂಬ ಅರಿವು ಅವರಲ್ಲಿ ಮೂಡಿದ್ದು ಈ ಮೆಟ್ಟಿಲುಗಳ ಮೇಲೆ.

1908ರ ಬೇಸಿಗೆಯಲ್ಲಿ ಆ ಅರಿವು ಪರೀಕ್ಷೆಗೆ ಒಳಪಟ್ಟಿತು. ಶಾಲೆಗಳಿಗೆ ರಜೆ ಇದ್ದುದರಿಂದ ಬಿಡುವಾಗಿದ್ದ 30 ಮಂದಿ ಶಾಲಾ ದಾದಿಯರನ್ನು ಬೇಕರ್ ಒಟ್ಟುಗೂಡಿಸಿದರು. ವಲಸಿಗರು ಕಿಕ್ಕಿರಿದಿದ್ದ ಲೋಯರ್ ಈಸ್ಟ್ ಸೈಡ್‌ನ ಒಂದು ಪ್ರದೇಶವನ್ನು ಆರಿಸಿಕೊಂಡರು. ಜನನ ನೋಂದಣಿಯಿಂದ ವಿಳಾಸ ಪಡೆದ ದಾದಿಯರು ಬಾಣಂತಿಯರ ಮನೆಗೆ ತೆರಳಿ, ಎದೆಹಾಲು ಉಣಿಸುವುದು, ದಿನವೂ ಮೀಯಿಸುವುದು, ಸೆಕೆಯಲ್ಲಿ ತೆಳುವಾದ ಬಟ್ಟೆ ತೊಡಿಸುವುದು, ಕಿಟಕಿ ತೆರೆದಿಡುವುದು ಇವನ್ನೆಲ್ಲ ಕಲಿಸಿದರು. ಬೇಸಿಗೆ ಮುಗಿದಾಗ ಆ ಒಂದು ಪ್ರದೇಶದಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು 1,200 ಶಿಶುಮರಣ ಕಡಿಮೆಯಾಗಿತ್ತು. ಅದೇ ವರ್ಷ ಆರಂಭವಾದ ಶಿಶು ಆರೋಗ್ಯ ವಿಭಾಗಕ್ಕೆ ಬೇಕರ್ ಮುಖ್ಯಸ್ಥೆಯಾದರು. ಮಹಿಳೆಯ ಕೈಕೆಳಗೆ ದುಡಿಯಲಾರೆವೆಂದು ಆರು ಮಂದಿ ವೈದ್ಯರು ರಾಜೀನಾಮೆ ನೀಡಿದರು. ಒಂದು ತಿಂಗಳು ನೋಡಿ ನಿರ್ಧರಿಸಿ ಎಂದು ಅವರು ಮನವೊಲಿಸಿದ ಮೇಲೆ ಎಲ್ಲರೂ ಉಳಿದುಕೊಂಡರು.

ಅವರ ಪರಿಹಾರಗಳು ಅಗ್ಗ, ಆದರೆ ಪರಿಣಾಮಕಾರಿ. ನವಜಾತ ಶಿಶುಗಳ ಕಣ್ಣಿಗೆ ಹಾಕುತ್ತಿದ್ದ ಸಿಲ್ವರ್ ನೈಟ್ರೇಟ್ ಔಷಧ ಸೀಸೆಯಲ್ಲಿ ಆವಿಯಾಗಿ ಗಾಢಗೊಳ್ಳುತ್ತಿತ್ತು, ಇಲ್ಲವೇ ಕಲುಷಿತವಾಗುತ್ತಿತ್ತು. ಅದನ್ನು ಒಂದೊಂದೇ ಮಗುವಿಗೆ ಸಾಲುವಷ್ಟು ಜೇನುಮೇಣದ ಗುಳಿಗೆಯಲ್ಲಿ ತುಂಬಿಸಿದ ಮೇಲೆ ಶಿಶುಗಳ ಅಂಧತ್ವ ಗಣನೀಯವಾಗಿ ತಗ್ಗಿತು. ಸೂಲಗಿತ್ತಿಯರಿಗೆ ಪರವಾನಗಿ ಕಡ್ಡಾಯವಾಯಿತು. ಶುದ್ಧ ಹಾಲಿನ ಕೇಂದ್ರಗಳು ಹೆಚ್ಚಿದವು. ತಾಯಿ ದುಡಿಯಲು ಹೋದಾಗ ತಂಗಿ-ತಮ್ಮಂದಿರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳಿಗಾಗಿ 'ಪುಟ್ಟ ತಾಯಂದಿರ' ಸಂಘಗಳು ಹುಟ್ಟಿದವು. ಸ್ವಚ್ಛ ಆಸ್ಪತ್ರೆಗಳಲ್ಲಿಯೂ ಅನಾಥ ಶಿಶುಗಳು ಸೊರಗಿ ಸಾಯುತ್ತಿದ್ದುದನ್ನು ಕಂಡು, ಅವನ್ನು ಬಡ ಸಾಕುತಾಯಂದಿರ ಮಡಿಲಿಗೆ ಒಪ್ಪಿಸಲಾಯಿತು. ಅಲ್ಲಿ ಹೆಚ್ಚು ಮಕ್ಕಳು ಉಳಿದವು.

ವಿರೋಧವೇನೂ ಕಡಿಮೆ ಇರಲಿಲ್ಲ. ಮಕ್ಕಳನ್ನು ಆರೋಗ್ಯವಾಗಿಟ್ಟು ತಮ್ಮ ವೃತ್ತಿಗೆ ಕಲ್ಲು ಹಾಕುತ್ತಿದ್ದಾರೆಂದು ಬ್ರೂಕ್ಲಿನ್‌ನ ವೈದ್ಯರು ಮೇಯರ್‌ಗೆ ದೂರು ಕೊಟ್ಟರು. ಬೇಕರ್ ಅದನ್ನು ಮೆಚ್ಚುಗೆಯೆಂದೇ ಬಗೆದರು. ಮಹಿಳೆಯರನ್ನು ಸೇರಿಸಿಕೊಳ್ಳದ ವೈದ್ಯಕೀಯ ಶಾಲೆಯೊಂದು ಪಾಠ ಹೇಳಲು ಕರೆದಾಗ, ವಿದ್ಯಾರ್ಥಿನಿಯಾಗಿ ಪ್ರವೇಶ ನೀಡಿದರಷ್ಟೇ ಬರುವುದಾಗಿ ಪಟ್ಟು ಹಿಡಿದರು. ಕೊನೆಗೆ ಶಾಲೆಯೇ ಮಣಿಯಿತು. 1917ರಲ್ಲಿ ಅವರಿಗೆ ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ದೊರೆಯಿತು.

ಅಧಿಕಾರದ ಕಠೋರ ಮುಖವೂ ಅವರ ಬದುಕಿನಲ್ಲಿತ್ತು. ತಾನು ಆರೋಗ್ಯವಾಗಿದ್ದರೂ ಟೈಫಾಯ್ಡ್ ಹರಡುತ್ತಿದ್ದ ಐರಿಷ್ ಅಡುಗೆಯಾಕೆ ಮೇರಿ ಮ್ಯಾಲನ್‌ಳನ್ನು 1907ರಲ್ಲಿ ಪೊಲೀಸರೊಂದಿಗೆ ಹಿಡಿದು ಆಸ್ಪತ್ರೆಗೆ ಒಯ್ದವರು ಬೇಕರ್ ಅವರೇ. ಪ್ರತಿಭಟಿಸುತ್ತಿದ್ದ ಮೇರಿಯನ್ನು ಹತೋಟಿಗೆ ತರಲು ಆಂಬುಲೆನ್ಸಿನಲ್ಲಿ ಆಕೆಯ ಮೇಲೆಯೇ ಕುಳಿತು ಪ್ರಯಾಣಿಸಬೇಕಾಯಿತು. ಎರಡು ಅವಧಿಗಳಲ್ಲಿ ಒಟ್ಟು 25 ವರ್ಷಕ್ಕೂ ಹೆಚ್ಚು ಕಾಲ ಮೇರಿ ದ್ವೀಪವೊಂದರಲ್ಲಿ ಒಂಟಿಯಾಗಿ ಕಳೆದಳು. ಊರಿನ ಆರೋಗ್ಯಕ್ಕಾಗಿ ಬಡ ಹೆಂಗಸೊಬ್ಬಳ ಸ್ವಾತಂತ್ರ್ಯವನ್ನು ಎಷ್ಟರಮಟ್ಟಿಗೆ ಕಸಿಯಬಹುದು ಎಂಬ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ.

1923ರಲ್ಲಿ ಬೇಕರ್ ನಿವೃತ್ತರಾದಾಗ, ಅಮೆರಿಕದ ದೊಡ್ಡ ನಗರಗಳ ಪೈಕಿ ಅತ್ಯಂತ ಕಡಿಮೆ ಶಿಶುಮರಣ ಪ್ರಮಾಣ ನ್ಯೂಯಾರ್ಕಿನದಾಗಿತ್ತು. 1939ರಲ್ಲಿ ಅವರ ಆತ್ಮಕಥೆ 'ಫೈಟಿಂಗ್ ಫಾರ್ ಲೈಫ್' ಪ್ರಕಟವಾಯಿತು. 1945ರ ಫೆಬ್ರವರಿ 22ರಂದು ಅವರು ನಿಧನರಾದರು. ವಠಾರಗಳ ಬಡತನವನ್ನು ನೀಗಿಸುವ ಅಧಿಕಾರ ಅವರಿಗೆ ಇರಲಿಲ್ಲ. ಆದರೆ ಬಡತನಕ್ಕೂ ತೊಟ್ಟಿಲಿಗೂ ನಡುವೆ ಒಬ್ಬ ದಾದಿಯನ್ನು ನಿಲ್ಲಿಸಿದರೆ ಎಷ್ಟು ಜೀವ ಉಳಿದೀತೆಂಬ ಲೆಕ್ಕವನ್ನು ಅವರು ಆಳುವವರ ಮುಂದಿಟ್ಟುಹೋದರು.