ಮಳೆನಾಡಿನ ಮೇಷ್ಟ್ರು ಪಂಜೆ ಮಂಗೇಶರಾಯರು

ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ಮಕ್ಕಳ ಶಿಬಿರ ಹೂಡುವಾಗ ನಾವು ಬರೆಯುವ ದಿನಚರಿ ಬಿಸಿಲನ್ನೇ ನಂಬಿರುತ್ತದೆ. ಬೆಳಿಗ್ಗೆ ವ್ಯಾಯಾಮ, ಆಮೇಲೆ ಶ್ರಮದಾನ, ಮಧ್ಯಾಹ್ನ ಹಂಪಿಯ ಕಡೆಗೆ ಹೊರಸಂಚಾರ, ಸಂಜೆ ಮೈದಾನದ ಆಟ. ಮಳೆ ಹಿಡಿದರೆ ಇದೆಲ್ಲ ನಿಂತುಹೋಗುತ್ತದೆ. ಮಕ್ಕಳೆಲ್ಲ ಒಂದೇ ಕೊಠಡಿಯಲ್ಲಿ, ಒದ್ದೆ ಬಟ್ಟೆ ಹಗ್ಗದ ಮೇಲೆ, ಹೊರಗೆ ಕೆಸರು. ಆಗ ಶಿಕ್ಷಕರ ಬಳಿ ಉಳಿಯುವುದು ತಮ್ಮ ದನಿ, ಕೈಕಾಲು ಮತ್ತು ನೆನಪಿನಲ್ಲಿರುವ ಕಥೆ, ಹಾಡು ಮಾತ್ರ. ಈ ಮೂರನ್ನೇ ಬಂಡವಾಳ ಮಾಡಿಕೊಂಡು ಬದುಕಿದ ಶಿಕ್ಷಕರೊಬ್ಬರ ಜೀವನವನ್ನು ಪ್ರಶಿಕ್ಷಣಾರ್ಥಿಗಳು ಅವಶ್ಯ ತಿಳಿದಿರಬೇಕು.

ಪಂಜೆ ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ಮನೆಯ ಮಾತು ಕೊಂಕಣಿ, ಬೀದಿಯ ಮಾತು ತುಳು, ಶಾಲೆಯ ಮಾತು ಕನ್ನಡ. ಆಗ ದಕ್ಷಿಣ ಕನ್ನಡವೂ ನಮ್ಮ ಬಳ್ಳಾರಿ ಸೀಮೆಯೂ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮನೆಯಲ್ಲಿ ಕೇಳದ ಭಾಷೆಯಲ್ಲಿ ಪಾಠ ಒಪ್ಪಿಸುವ ಮಗುವಿನ ಕಷ್ಟ ಅವರಿಗೆ ಸ್ವಂತ ಅನುಭವದ್ದು.

ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಅವರು ಕನ್ನಡ ಕಲಿಸಿದರು. ಮುಂದೆ ಶಾಲಾ ತನಿಖಾಧಿಕಾರಿಯಾಗಿ ಹಳ್ಳಿಹಳ್ಳಿ ಸುತ್ತಿದರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮಕ್ಕಳಿಗಿಂತ ಮೇಷ್ಟ್ರೇ ಹೆಚ್ಚು ನಡುಗುತ್ತಿದ್ದ ಕಾಲ ಅದು. ಪಂಜೆಯವರು ಕಥೆ ಹೇಳಿ, ಹಾಡಿ, ಅಭಿನಯಿಸಿ ಆ ಭಯವನ್ನು ಕಳೆದರು. ಶಿಕ್ಷಕರ ತರಬೇತಿ ಶಾಲೆಯಲ್ಲಿಯೂ ದುಡಿದರು. ಅನಂತರ ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಕೊಡಗಿನ ಮೇಲೆ ಅವರು ಬರೆದ ‘ಹುತ್ತರಿ ಹಾಡು’ ಇಂದಿಗೂ ಅಲ್ಲಿ ಮನೆಮಾತು.

ಕರಾವಳಿಯಲ್ಲಾಗಲಿ ಮಡಿಕೇರಿಯಲ್ಲಾಗಲಿ ಮಳೆಗಾಲವೆಂದರೆ ಒಂದೆರಡು ದಿನದ ಮಾತಲ್ಲ, ತಿಂಗಳುಗಟ್ಟಲೆ. ಅಂಥ ನಾಡಿನ ಶಿಕ್ಷಕ ಮಳೆ ನಿಲ್ಲಲಿ ಎಂದು ಕಾದು ಕೂರುವಂತಿಲ್ಲ. ಪಂಜೆಯವರ ಬರಹಗಳನ್ನು ಈ ದೃಷ್ಟಿಯಿಂದ ನೋಡಿದರೆ ಅವು ಸೂರಿನಡಿಯ ಚಟುವಟಿಕೆಗೆ ಎಷ್ಟು ಒಪ್ಪುತ್ತವೆ ಎಂಬುದು ತಿಳಿಯುತ್ತದೆ. ‘ತೆಂಕಣ ಗಾಳಿಯಾಟ’ದಲ್ಲಿ ಗಾಳಿಯ ಸದ್ದೇ ಪದವಾಗಿದೆ; ಹೊರಗೆ ಗಾಳಿ ಬೀಸುವಾಗ ಒಳಗೆ ಮಕ್ಕಳು ಅದನ್ನು ದನಿಯೆತ್ತಿ ಹೇಳಬಹುದು. ‘ನಾಗರ ಹಾವೆ’ ಹಾಡಿಗೆ ಎರಡು ಅಂಗೈ ಸೇರಿಸಿ ಹೆಡೆ ಮಾಡಿದರೆ ಸಾಕು, ಬೇರೆ ಪಾಠೋಪಕರಣ ಬೇಡ. ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯಲ್ಲಿ ಒಂದು ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ ಹೋಗುತ್ತದೆ. ವೃತ್ತವಾಗಿ ಕೂತ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಒಂದು ಪಾತ್ರ ಹಂಚಬಹುದು. ಹೊರನಾಡಿನ ಕಥೆಗಳನ್ನೂ ಅವರು ಬಿಡಲಿಲ್ಲ. ಜರ್ಮನಿಯ ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಕಥೆ ಅವರ ಕೈಯಲ್ಲಿ ‘ಇಲಿಗಳ ಥಕಥೈ’ ಆಯಿತು.

ಬರೆದದ್ದಷ್ಟೇ ಅಲ್ಲ, ಬರೆಯುವವರನ್ನೂ ಅವರು ಕೂಡಿಸಿದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಅವರ ಮುಂದಾಳುತನದಲ್ಲಿ ಹುಟ್ಟಿತು. ಇಷ್ಟೆಲ್ಲ ಮಾಡಿದವರು ಇಟ್ಟುಕೊಂಡ ಕಾವ್ಯನಾಮ ಕವಿಶಿಷ್ಯ. 1934ರಲ್ಲಿ, ನಮಗೆ ದೂರವಲ್ಲದ ರಾಯಚೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1937ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಈ ಜೀವನದಿಂದ ಬೋಧನಾಭ್ಯಾಸಕ್ಕೆ ಹೊರಟವರು ಏನು ಕಲಿಯಬೇಕು? ಮೊದಲನೆಯದು, ಮಕ್ಕಳನ್ನು ಸುಮ್ಮನಿರಿಸುವುದು ಬೇರೆ, ತೊಡಗಿಸುವುದು ಬೇರೆ. ಮಳೆಯ ದಿನ ಮೊಬೈಲಿನಲ್ಲಿ ಸಿನಿಮಾ ಹಾಕಿದರೆ ಮಕ್ಕಳು ಸುಮ್ಮನಿದ್ದಾರು. ಆದರೆ ಅವರ ಬಾಯಿ, ಕೈ, ಕಲ್ಪನೆಗೆ ಕೆಲಸವಿಲ್ಲ. ಎರಡನೆಯದು, ಹಾಡು ಕಥೆಗಳು ಮೊದಲೇ ಬಾಯಿಗೆ ಬಂದಿರಬೇಕು. ಪುಸ್ತಕ ಹಿಡಿದು ಓದುವ ಶಿಕ್ಷಕರ ಕಣ್ಣು ಮಕ್ಕಳ ಮೇಲಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಭಾಗದ ತರಗತಿಯಲ್ಲಿ ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ ಆಡುವ ಮಕ್ಕಳಿದ್ದಾರೆ. ಪಠ್ಯದ ಪ್ರಶ್ನೆಗೆ ಬಾಯಿ ಬಿಡದ ಮಗು ಹಾಡಿನ ಗುಂಪಿನಲ್ಲಿ ದನಿಗೂಡಿಸುತ್ತದೆ, ಕಥೆಯ ಇಲಿಯಾಗಲು ಮುಂದೆ ಬರುತ್ತದೆ. ಆ ಮಗುವಿಗೆ ಕನ್ನಡ ತನ್ನದಾಗುವುದು ಅಂಥ ಗಳಿಗೆಯಲ್ಲಿ. ಮಳೆಯೆಂದು ಆ ದಿನವನ್ನು ವ್ಯರ್ಥ ಮಾಡಿದರೆ ನಷ್ಟ ಅದಕ್ಕೇ ಹೆಚ್ಚು.

ಆದ್ದರಿಂದ ಶಿಬಿರಕ್ಕೆ ಹೊರಡುವ ಮುನ್ನ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಅಭಿನಯದ ಒಂದು ಹಾಡು, ಸರಪಳಿಯ ಒಂದು ಕಥೆ, ಕೂತಲ್ಲೇ ಆಡುವ ಒಂದು ಆಟ ಕಲಿತಿರಲಿ. ಹತ್ತು ಜನರ ತಂಡವಿದ್ದರೆ ಮೂವತ್ತು ಚಟುವಟಿಕೆಗಳು ಸಿದ್ಧವಾದಂತೆ. ದಿನಚರಿಯಲ್ಲಿ ಮಳೆಗೂ ಒಂದು ಪುಟ ಮೀಸಲಿರಲಿ.