ಪೊರೆ ಇರುವುದೆಲ್ಲಿ? ಜಾಕ್ ದಾವಿಯೆಲ್ ಅವರ ಬದುಕು ಮತ್ತು ಹತ್ತನೇ ತರಗತಿಯ ಕಣ್ಣಿನ ಪಾಠ

ವಿಜ್ಞಾನಿಗಳ ಜೀವನ ಪರಿಚಯವನ್ನು ನಾವು ಸಾಮಾನ್ಯವಾಗಿ ಪಾಠದ ಕೊನೆಯಲ್ಲಿ, ಸಮಯ ಉಳಿದರೆ ಮಾತ್ರ ಹೇಳುತ್ತೇವೆ. ಹುಟ್ಟಿದ ಊರು, ಹುಟ್ಟಿದ ವರ್ಷ, ಮಾಡಿದ ಸಾಧನೆ, ತೀರಿಕೊಂಡ ವರ್ಷ ಇಷ್ಟನ್ನು ಬರೆಸಿದರೆ ಆಯಿತು. ಆದರೆ ಕೆಲವು ಜೀವನಚರಿತ್ರೆಗಳು ಪಾಠದ ನಡುವೆಯೇ ಬೇಕಾಗುತ್ತವೆ. ಮಕ್ಕಳ ಮನಸ್ಸಿನಲ್ಲಿ ಕುಳಿತ ಒಂದು ತಪ್ಪು ಕಲ್ಪನೆಯನ್ನು ತಿದ್ದಲು ಅವು ನೆರವಾಗುತ್ತವೆ. ಅಂಥ ಒಂದು ಬದುಕು ಫ್ರಾನ್ಸ್ ದೇಶದ ಕಣ್ಣಿನ ಶಸ್ತ್ರಚಿಕಿತ್ಸಕ ಜಾಕ್ ದಾವಿಯೆಲ್ ಅವರದು.

ನಾನು ಈ ಹೆಸರನ್ನು ಹುಡುಕಿಕೊಂಡು ಹೋದದ್ದಕ್ಕೆ ಬೋಧನಾಭ್ಯಾಸದ ಒಂದು ತರಗತಿ ಕಾರಣ. ಹತ್ತನೇ ತರಗತಿಯ ಮಕ್ಕಳಿಗೆ ಕಣ್ಣಿನ ಚಿತ್ರ ಕೊಟ್ಟು, ಪೊರೆ ಬರುವ ಜಾಗವನ್ನು ಪೆನ್ಸಿಲ್‌ನಿಂದ ಗುರುತಿಸಲು ಹೇಳಿದ್ದೆ. ಹೆಚ್ಚಿನವರು ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾದ ಮೇಲೆ ಒಂದು ಗೆರೆ ಎಳೆದರು. ಹಾವಿನ ಪೊರೆ ಕಳಚುವ ಹಾಗೆ ವೈದ್ಯರು ಅದನ್ನು ಸುಲಿದು ತೆಗೆಯುತ್ತಾರೆ ಎಂದು ಒಬ್ಬ ವಿವರಿಸಿದ. ಒಬ್ಬ ಹುಡುಗಿ ತನ್ನ ಅಜ್ಜಿಯ ಪೊರೆ ಇನ್ನೂ ಬಲಿತಿಲ್ಲ, ಬಲಿಯಲಿ ಎಂದು ಎರಡು ವರ್ಷದಿಂದ ಕಾಯುತ್ತಿದ್ದಾರೆ ಎಂದಳು. ಮಕ್ಕಳನ್ನು ದೂರುವಂತಿಲ್ಲ. ಪೊರೆ ಎಂಬ ನಮ್ಮ ಪದವೇ ಮೇಲೆ ಬೆಳೆದ ತೆಳು ಹೊದಿಕೆಯನ್ನು ಕಣ್ಣ ಮುಂದೆ ತರುತ್ತದೆ. ಸ್ವಾರಸ್ಯವೆಂದರೆ, ಯುರೋಪಿನ ದೊಡ್ಡ ದೊಡ್ಡ ವೈದ್ಯರೂ ನೂರಾರು ವರ್ಷ ಹೆಚ್ಚುಕಡಿಮೆ ಹೀಗೆಯೇ ನಂಬಿದ್ದರು. ಪಾಪೆಯ ಹಿಂದೆ, ಮಸೂರದ ಮುಂದೆ ಒಂದು ದ್ರವ ಇಳಿದು ಗಟ್ಟಿಯಾಗಿ ಪರದೆಯಾಗುತ್ತದೆ ಎಂಬುದು ಅವರ ತಿಳಿವಳಿಕೆಯಾಗಿತ್ತು.

ಬಾಲ್ಯ ಮತ್ತು ಪ್ಲೇಗ್

ದಾವಿಯೆಲ್ 1693ರ ಆಗಸ್ಟ್ 11ರಂದು ಫ್ರಾನ್ಸಿನ ನಾರ್ಮಂಡಿ ಪ್ರಾಂತದ ಲಾ ಬಾರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಶಸ್ತ್ರಚಿಕಿತ್ಸಕರಾಗಿದ್ದ ಸಂಬಂಧಿಯೊಬ್ಬರ ಬಳಿ ರುವಾನ್ ನಗರದಲ್ಲಿ ಕೆಲಸ ಕಲಿತರು. ಆ ಕಾಲದಲ್ಲಿ ಶಸ್ತ್ರಚಿಕಿತ್ಸಕನೆಂದರೆ ವಿಶ್ವವಿದ್ಯಾಲಯದ ವೈದ್ಯನಿಗಿಂತ ಕೆಳಗಿನವನು. ಗುರುವಿನ ಪಕ್ಕ ನಿಂತು ಕೈಕೆಲಸದಂತೆ ಕಲಿಯುವ ವೃತ್ತಿ ಅದು.

ಅವರು ಬೆಳೆಯುತ್ತಿದ್ದಾಗಲೇ ಹಳೆಯ ನಂಬಿಕೆಗೆ ಮೊದಲ ಪೆಟ್ಟು ಬಿದ್ದಿತ್ತು. 1705ರಲ್ಲಿ ಮಿಷೆಲ್ ಬ್ರಿಸೋ ಎಂಬ ವೈದ್ಯರು ಪೊರೆ ಬಂದಿದ್ದ ಒಬ್ಬ ಮೃತ ಸೈನಿಕನ ಕಣ್ಣನ್ನು ಬಿಡಿಸಿ ನೋಡಿದರು. ಪರದೆ ಎಂಬುದು ಎಲ್ಲೂ ಇರಲಿಲ್ಲ. ಮಸೂರವೇ ಮಂಜಾಗಿತ್ತು. ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿ ಇದನ್ನು ತಕ್ಷಣ ಒಪ್ಪಲಿಲ್ಲ. ಮಸೂರವೇ ನೋಡುವ ಅಂಗವೆಂದು ಬಹುಕಾಲ ನಂಬಿದ್ದವರಿಗೆ, ಅದನ್ನೇ ಕೆಳಗೆ ತಳ್ಳಿದ ಮೇಲೂ ರೋಗಿಗೆ ಕಾಣುತ್ತದೆ ಎಂದರೆ ನಂಬುವುದು ಕಷ್ಟವಾಗಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಬೇರೆಯವರೂ ಅದನ್ನೇ ಕಂಡರು, ಅಕಾಡೆಮಿ ಒಪ್ಪಿಕೊಂಡಿತು.

1720ರಲ್ಲಿ ಮಾರ್ಸೆಯ್ ಬಂದರಿಗೆ ಪೂರ್ವದೇಶದಿಂದ ಬಂದ ಹಡಗೊಂದು ಪ್ಲೇಗ್ ತಂದಿತು. ನಗರದ ಅರ್ಧದಷ್ಟು ಜನ ಸತ್ತರು. ಊರಿನಿಂದ ಓಡಿಹೋಗುವವರ ನಡುವೆ ಯುವಕ ದಾವಿಯೆಲ್ ಸೇವೆಗೆಂದು ತಾವಾಗಿಯೇ ಪ್ಲೇಗ್ ಪೀಡಿತ ಪ್ರಾಂತಕ್ಕೆ ಹೋದರು. ಈ ಸೇವೆಯ ಕಾರಣದಿಂದ ಮಾರ್ಸೆಯ್‌ನಲ್ಲಿ ಅವರಿಗೆ ಮಾನ್ಯತೆ ಸಿಕ್ಕಿತು. ಅಲ್ಲಿಯೇ ನೆಲೆಸಿ, ಅಂಗರಚನಾಶಾಸ್ತ್ರ ಬೋಧಿಸಿದರು. ಕ್ರಮೇಣ ಕಣ್ಣಿನ ಚಿಕಿತ್ಸೆಯನ್ನೇ ತಮ್ಮ ಕೆಲಸವಾಗಿ ಆರಿಸಿಕೊಂಡರು. ಅಂಗರಚನೆ ಕಲಿಸುವವರಾದ್ದರಿಂದ ಶವಗಳ ಕಣ್ಣಿನ ಮೇಲೆ ಅಭ್ಯಾಸ ಮಾಡುವ ಅವಕಾಶ ಅವರಿಗಿತ್ತು. ಮುಂದಿನ ಕೆಲಸಕ್ಕೆ ಇದು ಆಧಾರವಾಯಿತು.

ಸೂಜಿಯ ಕಾಲ

ದಾವಿಯೆಲ್ ಕಲಿತ ಚಿಕಿತ್ಸೆ ಸೂಜಿಯದು. ಕಣ್ಣಿನ ಬಿಳಿಭಾಗದಲ್ಲಿ ಸೂಜಿ ಚುಚ್ಚಿ, ಪಾಪೆಯ ಹಿಂದಿರುವ ಮಂಜಾದ ಮಸೂರವನ್ನು ಕೆಳಕ್ಕೆ ಒತ್ತಿ ಕಣ್ಣಿನೊಳಗೇ ಬೀಳಿಸುವುದು. ಬೆಳಕಿಗೆ ದಾರಿಯಾಗಿ ರೋಗಿಗೆ ಆ ಕ್ಷಣವೇ ಕಾಣುತ್ತದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ಇಂಥ ಚಿಕಿತ್ಸೆಯ ವಿವರ ಇದೆ. ಸುಮಾರು ಸಾವಿರ ವರ್ಷಗಳ ಹಿಂದೆ ಅಮ್ಮಾರ್ ಎಂಬ ಅರಬ್ ವೈದ್ಯರು ಟೊಳ್ಳು ಸೂಜಿಯಿಂದ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನೂ ವಿವರಿಸಿದ್ದರು, ಆದರೆ ಅದು ಎಲ್ಲ ಕಡೆ ಬಳಕೆಗೆ ಬರಲಿಲ್ಲ.

ಒತ್ತಿದ ಮಸೂರ ಕಣ್ಣಿನೊಳಗೇ ಉಳಿಯುವುದೇ ತೊಂದರೆಯ ಮೂಲ. ಕೆಲವೊಮ್ಮೆ ಅದು ಮತ್ತೆ ಮೇಲೆ ತೇಲಿ ಬರುತ್ತಿತ್ತು. ಕೋಶ ಒಡೆದರೆ ಒಳಗಿನ ವಸ್ತು ಚೆಲ್ಲಿ ಉರಿಯೂತವಾಗುತ್ತಿತ್ತು. ಒತ್ತಡ ಏರಿ, ಕೀವಾಗಿ ಕಣ್ಣೇ ಹೋಗುತ್ತಿತ್ತು. ಊರೂರು ಸುತ್ತುತ್ತಿದ್ದ ಚಿಕಿತ್ಸಕರು ಪಟ್ಟಿ ಬಿಚ್ಚುವ ಮೊದಲೇ ಮುಂದಿನ ಊರಿಗೆ ಹೋಗಿರುತ್ತಿದ್ದರು. ಸಂಗೀತಗಾರ ಬಾಖ್ ಅವರ ಕಣ್ಣಿಗೆ 1750ರಲ್ಲಿ ಜಾನ್ ಟೇಲರ್ ಎಂಬ ಇಂಥ ಸಂಚಾರಿ ಚಿಕಿತ್ಸಕರು ಎರಡು ಬಾರಿ ಸೂಜಿ ಹಾಕಿದರು. ಬಾಖ್ ಪೂರ್ತಿ ಕುರುಡರಾಗಿ ಅದೇ ವರ್ಷ ತೀರಿಕೊಂಡರು.

ಒಬ್ಬ ಸನ್ಯಾಸಿಯ ಕಣ್ಣು

1745ರಲ್ಲಿ ಪ್ರೊವಾನ್ಸ್ ಪ್ರಾಂತದ ಒಬ್ಬ ಏಕಾಂತವಾಸಿ ಸನ್ಯಾಸಿಗೆ ದಾವಿಯೆಲ್ ಸೂಜಿ ಚಿಕಿತ್ಸೆ ಮಾಡಲು ಹೋದರು. ಮಸೂರ ಕೆಳಗೆ ಇಳಿಯಲಿಲ್ಲ. ಒಡೆದು ಅದರ ಚೂರುಗಳು ಪಾಪೆಯ ಮುಂದಕ್ಕೆ ಬಂದವು. ಇಂಥ ಸಂದರ್ಭದಲ್ಲಿ ಕೈಬಿಟ್ಟು ಪಟ್ಟಿ ಕಟ್ಟುವುದು ಸುಲಭದ ದಾರಿ. ದಾವಿಯೆಲ್ ಕಾರ್ನಿಯಾವನ್ನು ಕತ್ತರಿಸಿ ಚೂರುಗಳನ್ನು ಹೊರತೆಗೆದರು. ಮುಂದಕ್ಕೆ ಜಾರಿಬಂದ ಮಸೂರವನ್ನು ಹೀಗೆ ತೆಗೆದವರು ಅವರಿಗಿಂತ ಮೊದಲೂ ಇದ್ದರು. ಹೊಸದು ಯಾವುದೆಂದರೆ, ಅವರ ತಲೆಯಲ್ಲಿ ಆಮೇಲೆ ಎದ್ದ ಪ್ರಶ್ನೆ. ತಪ್ಪಿದಾಗ ಮಾತ್ರ ಮಾಡುವ ಈ ಕೆಲಸವನ್ನು ಮೊದಲಿನಿಂದಲೇ ಏಕೆ ಮಾಡಬಾರದು? ಮಸೂರ ಇದ್ದ ಜಾಗದಿಂದಲೇ ಅದನ್ನು ಏಕೆ ಹೊರಗೆ ತರಬಾರದು?

ಈ ಪ್ರಶ್ನೆ ಹುಟ್ಟಬೇಕಾದರೆ ಪೊರೆ ಎಂದರೆ ಮಸೂರವೇ ಎಂದು ಗೊತ್ತಿರಬೇಕು ಎಂಬುದನ್ನು ತರಗತಿಯಲ್ಲಿ ಒತ್ತಿ ಹೇಳಬೇಕು. ಪರದೆಯೆಂದು ನಂಬಿದವನು ಅದನ್ನು ಪಕ್ಕಕ್ಕೆ ಸರಿಸಲು ನೋಡುತ್ತಾನೆ. ಮಸೂರವೆಂದು ತಿಳಿದವನು ಅದನ್ನು ಹೊರತೆಗೆಯುವ ಯೋಚನೆ ಮಾಡುತ್ತಾನೆ.

ಪ್ಯಾರಿಸ್ ಮತ್ತು 206 ಕಣ್ಣುಗಳು

ದಾವಿಯೆಲ್ 1746ರಲ್ಲಿ ಪ್ಯಾರಿಸ್ಸಿಗೆ ಬಂದರು. 1749ರಲ್ಲಿ ರಾಜ 15ನೇ ಲೂಯಿಯ ನೇತ್ರ ಶಸ್ತ್ರಚಿಕಿತ್ಸಕರಾದರು. ಹೊಸ ವಿಧಾನವನ್ನು ಹಂತ ಹಂತವಾಗಿ ಕಟ್ಟಿದರು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಕಣ್ಣಿಗೆ ಪಟ್ಟಿ ಕಟ್ಟಿ, ಹಿಂದೆ ನಿಂತ ಸಹಾಯಕನು ತಲೆಯನ್ನು ಎದೆಗೆ ಆನಿಸಿ ಹಿಡಿಯುತ್ತಿದ್ದ. ಕಾರ್ನಿಯಾದ ಕೆಳ ಅಂಚಿನಲ್ಲಿ ಈಟಿಯಾಕಾರದ ಸಣ್ಣ ಚಾಕುವಿನಿಂದ ಬಾಯಿ ಮಾಡಿ, ಬಾಗಿದ ಕತ್ತರಿಗಳಿಂದ ಎಡಕ್ಕೂ ಬಲಕ್ಕೂ ಅದನ್ನು ಹಿಗ್ಗಿಸುವುದು. ತೆಳುವಾದ ಚಮಚದಂಥ ಸಾಧನದಿಂದ ಕಾರ್ನಿಯಾವನ್ನು ಎತ್ತಿ ಹಿಡಿದು, ಚೂಪಾದ ಸೂಜಿಯಿಂದ ಮಸೂರದ ಕೋಶವನ್ನು ಸೀಳುವುದು. ಆಮೇಲೆ ಕಣ್ಣುಗುಡ್ಡೆಯನ್ನು ಮೆಲ್ಲನೆ ಒತ್ತಿದರೆ ಮಸೂರ ಹೊರಗೆ ಬರುತ್ತಿತ್ತು. ಕಾರ್ನಿಯಾವನ್ನು ಜಾಗಕ್ಕೆ ಕೂರಿಸಿ ಪಟ್ಟಿ ಕಟ್ಟುತ್ತಿದ್ದರು. ಹೊಲಿಗೆ ಇಲ್ಲ, ಅರಿವಳಿಕೆ ಇಲ್ಲ, ರೋಗಾಣುಗಳ ವಿಷಯ ಯಾರಿಗೂ ಗೊತ್ತಿಲ್ಲ. ಎಚ್ಚರವಾಗಿರುವ ರೋಗಿ ಅಲುಗಾಡದೆ ಕೂತಿರಬೇಕಿತ್ತು.

1752ರಲ್ಲಿ ಅವರು ರಾಜ ಶಸ್ತ್ರಚಿಕಿತ್ಸಾ ಅಕಾಡೆಮಿಗೆ ತಮ್ಮ ವಿಧಾನವನ್ನು ಒಪ್ಪಿಸಿದರು. ಮರುವರ್ಷ ಅದು ಅಚ್ಚಾಯಿತು. 206 ಶಸ್ತ್ರಚಿಕಿತ್ಸೆಗಳಲ್ಲಿ 182 ಸಫಲವಾದವು ಎಂದು ಅವರು ಲೆಕ್ಕ ಕೊಟ್ಟರು. ಅಂದರೆ 24 ವಿಫಲ. ಸಂಚಾರಿ ಚಿಕಿತ್ಸಕರು ತಮ್ಮ ಗೆಲುವನ್ನು ಮಾತ್ರ ಸಾರುತ್ತಿದ್ದ ಕಾಲದಲ್ಲಿ, ಸೋತದ್ದೆಷ್ಟು ಎಂಬುದು ಓದುಗನಿಗೆ ತಿಳಿಯುವಂತೆ ಲೆಕ್ಕ ಇಟ್ಟದ್ದು ನನಗೆ ಶಸ್ತ್ರಚಿಕಿತ್ಸೆಯಷ್ಟೇ ದೊಡ್ಡದಾಗಿ ಕಾಣುತ್ತದೆ.

ಎಲ್ಲರೂ ಒಪ್ಪಿದರು ಎಂದೇನಿಲ್ಲ. ಸಾಧನಗಳು ಹೆಚ್ಚಾದವು, ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಕಣ್ಣಿಗೆ ತೊಂದರೆಯಾಗುತ್ತದೆ ಎಂಬ ಟೀಕೆಯಲ್ಲಿ ಹುರುಳಿತ್ತು. ಲಂಡನ್ನಿನ ಸ್ಯಾಮುಯೆಲ್ ಶಾರ್ಪ್ 1753ರಲ್ಲೇ ಒಂದೇ ಚಾಕುವಿನಿಂದ ಸೀಳುವ ಕ್ರಮ ತಂದರು. ಸೂಜಿಯ ಹಳೆಯ ಪದ್ಧತಿಯಂತೂ ಬಹುಕಾಲ ಬದುಕಿತ್ತು. ಭಾರತದ ಹಳ್ಳಿಗಳಲ್ಲಿ ಇಪ್ಪತ್ತನೇ ಶತಮಾನದಲ್ಲೂ ಅದನ್ನು ಮಾಡುವವರಿದ್ದರು. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ಹೆನ್ರಿ ಎಲಿಯಟ್ ಅದರಿಂದಾದ ಹಾನಿಯ ಬಗ್ಗೆ 1918ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು.

ಕೊನೆಯ ವರ್ಷಗಳಲ್ಲಿ ದಾವಿಯೆಲ್ ಗಂಟಲಿನ ಕಾಯಿಲೆಯಿಂದ ನರಳಿದರು. 1762ರ ಸೆಪ್ಟೆಂಬರ್ 30ರಂದು ಜಿನೀವಾದಲ್ಲಿ, 69ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ನಂತರ ಸೂಜಿ ಎಲ್ಲಿಗೆ ಬಂತು?

ದಾವಿಯೆಲ್ ಬಿಟ್ಟುಹೋದ ಕೊರತೆಗಳು ಒಂದೊಂದಾಗಿ ತುಂಬಿದವು. 1884ರಲ್ಲಿ ಕಾರ್ಲ್ ಕೊಲ್ಲರ್ ಕಣ್ಣನ್ನು ಮರಗಟ್ಟಿಸುವ ಹನಿಯನ್ನು ತೋರಿಸಿಕೊಟ್ಟರು. ತೆಗೆದ ಮಸೂರದ ಬದಲಿಗೆ ಕೃತಕ ಮಸೂರ ಇಡುವ ಕೆಲಸವನ್ನು 1949ರಲ್ಲಿ ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ ಆರಂಭಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಮಸೂರವನ್ನು ಶ್ರವಣಾತೀತ ಕಂಪನದಿಂದ ಒಡೆದು ಸಣ್ಣ ರಂಧ್ರದ ಮೂಲಕ ಹೀರುವ ವಿಧಾನ ತಂದರು. ಕರ್ನಾಟಕದ ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಸಾವಿರಾರು ಜನರಿಗೆ ಆದದ್ದೂ ಮಸೂರವನ್ನು ಹೊರತೆಗೆಯುವ ಶಸ್ತ್ರಚಿಕಿತ್ಸೆಯೇ. ಆಗಿನ ಅಜ್ಜ-ಅಜ್ಜಿಯರ ದಪ್ಪ ಕನ್ನಡಕಗಳನ್ನು ನಮ್ಮ ಮನೆಗಳಲ್ಲಿ ನೋಡಿದವರಿದ್ದಾರೆ.

ಇಂದಿನ ಶಸ್ತ್ರಚಿಕಿತ್ಸೆಯ ಟ್ರೇಯಲ್ಲೂ ಸೂಜಿ ಇದೆ, ಕೆಲಸ ಬದಲಾಗಿದೆ. ಸಾಮಾನ್ಯ 26 ಗೇಜಿನ ಸೂಜಿಯ ತುದಿ ಬಾಗಿಸಿ ಮಸೂರದ ಕೋಶವನ್ನು ತೆರೆಯುತ್ತಾರೆ. ದಾವಿಯೆಲ್ ತಮ್ಮ ಸೂಜಿಯಿಂದ ಮಾಡಿದ್ದೂ ಅದನ್ನೇ. ಕ್ಯಾನುಲಾ ಎಂಬ ಮೊಂಡು ತುದಿಯ ತೆಳುವಾದ ಕೊಳವೆಯಿಂದ ದ್ರವ ಹಾಯಿಸಿ ಮಸೂರವನ್ನು ಕೋಶದಿಂದ ಬಿಡಿಸುತ್ತಾರೆ, ಉಳಿದ ಚೂರುಗಳನ್ನು ತೊಳೆದು ಹೀರುತ್ತಾರೆ. ಇಂಥ ಕ್ಯಾನುಲಾಗಳಲ್ಲಿ ಹಲವು ಒಮ್ಮೆ ಬಳಸಿ ಬಿಸಾಡುವಂಥವು. ಕೊಳವೆಯ ಒಳಭಾಗ ಕೂದಲಿನಷ್ಟು ಕಿರಿದಾದ್ದರಿಂದ ಅಲ್ಲಿ ಒಣಗಿದ ಅಂಟು ಅಥವಾ ಸಾಬೂನಿನ ಅಂಶ ತೊಳೆದರೂ ಉಳಿಯಬಹುದು. ಅದು ಮುಂದಿನ ರೋಗಿಯ ಕಣ್ಣಿಗೆ ಹೋದರೆ, ರೋಗಾಣು ಇಲ್ಲದಿದ್ದರೂ ತೀವ್ರ ಉರಿಯೂತವಾಗುತ್ತದೆ. ಬಳಸಿದ ಸೂಜಿಗಳನ್ನು ಚುಚ್ಚಿದರೆ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕೆಂಬ ನಿಯಮ ನಮ್ಮಲ್ಲಿದೆ. ಒಂದೇ ಸೂಜಿಯನ್ನು ಒರೆಸಿಕೊಂಡು ಊರೂರು ಸುತ್ತಿದ ಕಾಲದಿಂದ, ಒಬ್ಬರ ಕಣ್ಣಿಗೆ ಒಂದು ಸೂಜಿ ಎಂಬ ಕಾಲಕ್ಕೆ ಬಂದಿದ್ದೇವೆ.

ತರಗತಿಯಲ್ಲಿ ಬಳಸುವ ಬಗೆ

ಒಂದು: ಪಾಠಕ್ಕೆ ಮೊದಲು ಪೊರೆಯ ಜಾಗವನ್ನು ಚಿತ್ರದಲ್ಲಿ ಗುರುತಿಸಲು ಹೇಳಿ, ಹಾಳೆಗಳನ್ನು ತೆಗೆದಿಟ್ಟುಕೊಳ್ಳಿ. ದಾವಿಯೆಲ್ ಕಥೆಯನ್ನು ಬ್ರಿಸೋ ಅವರ ಶೋಧನೆಯವರೆಗೆ ಹೇಳಿ, ಹಾಳೆಗಳನ್ನು ಮರಳಿಸಿ, ತಿದ್ದಿಕೊಳ್ಳಲು ಅವಕಾಶ ಕೊಡಿ. ದೊಡ್ಡ ವೈದ್ಯರೂ ಹೀಗೇ ತಿಳಿದಿದ್ದರು ಎಂದಾಗ ಮಕ್ಕಳಿಗೆ ನಾಚಿಕೆಯಾಗುವುದಿಲ್ಲ.

ಎರಡು: ದುಂಡು ತಳದ ಫ್ಲಾಸ್ಕಿನಲ್ಲಿ ನೀರು ತುಂಬಿ ಕಿಟಕಿಯ ತಲೆಕೆಳಗಾದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಮೂಡಿಸಿ. ಕೆಲವು ಹನಿ ಹಾಲು ಹಾಕಿದರೆ ಬಿಂಬ ಮಸುಕಾಗುತ್ತದೆ. ಗಾಜಿನ ಹೊರಮೈಯನ್ನು ಎಷ್ಟು ಒರೆಸಿದರೂ ಪ್ರಯೋಜನವಿಲ್ಲ ಎಂಬುದನ್ನು ಮಕ್ಕಳೇ ಮಾಡಿ ನೋಡಲಿ.

ಮೂರು: ಮೊಟ್ಟೆಯ ಬಿಳಿಭಾಗ ಕಾಯಿಸಿದಾಗ ಪಾರದರ್ಶಕತೆ ಕಳೆದುಕೊಳ್ಳುವುದನ್ನು ತೋರಿಸಿ, ಮಸೂರದ ಪ್ರೋಟೀನುಗಳು ಗುಂಪುಗೂಡುವುದನ್ನು ವಿವರಿಸಬಹುದು. ಕಣ್ಣಿನಲ್ಲಿ ಇದು ಶಾಖದಿಂದಲ್ಲ, ಹೆಚ್ಚಾಗಿ ವಯಸ್ಸಿನಿಂದ ಆಗುವುದು ಎಂದು ಮರೆಯದೆ ಹೇಳಬೇಕು.

ನಾಲ್ಕು: ಮಸೂರ ತೆಗೆದ ಕಣ್ಣಿಗೆ ಸುಮಾರು +10 ಡಯಾಪ್ಟರ್ ಕನ್ನಡಕ ಬೇಕಾಗುತ್ತಿತ್ತು. ಅದರ ಸಂಗಮ ದೂರ 10 ಸೆಂ.ಮೀ. ಎಂದು ಮಕ್ಕಳು ಲೆಕ್ಕ ಮಾಡಲಿ. 206ರಲ್ಲಿ 182 ಎಂದರೆ ಶೇಕಡಾ 88ಕ್ಕಿಂತ ಸ್ವಲ್ಪ ಹೆಚ್ಚು ಎಂಬುದನ್ನೂ ಮಾಡಿಸಬಹುದು.

ಪೊರೆ ಬಲಿಯಲಿ ಎಂದು ಕಾಯುವ ಮಾತಿಗೂ ಇಲ್ಲಿ ಉತ್ತರ ಸಿಗುತ್ತದೆ. ಹಳೆಯ ವಿಧಾನಗಳಲ್ಲಿ ಗಟ್ಟಿಯಾದ ಮಸೂರವನ್ನು ನಿಭಾಯಿಸುವುದು ಸುಲಭವಾಗಿದ್ದರಿಂದ ಕಾಯುವ ರೂಢಿ ಬಂತು. ಇಂದು ಆ ಅಗತ್ಯವಿಲ್ಲ. ತೀರಾ ಬಲಿತ ಪೊರೆ ಕಣ್ಣಿನ ಒತ್ತಡ ಏರಿಸಿ ಮರಳಿ ಬಾರದ ಕುರುಡುತನ ತರಬಹುದು. ಈ ಮಾತು ಪರೀಕ್ಷೆಯಲ್ಲಿ ಬರಲಿಕ್ಕಿಲ್ಲ, ಆದರೆ ಒಂದು ಮಗು ಅದನ್ನು ಮನೆಗೆ ಒಯ್ದು ಅಜ್ಜಿಗೆ ಹೇಳಿದರೆ ಆ ಪಾಠ ಸಾರ್ಥಕ. ಮುಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಕಣ್ಣಿನ ಪಾಠಯೋಜನೆ ಬರೆಯುವಾಗ ದಾವಿಯೆಲ್ ಅವರಿಗೆ ಹತ್ತು ನಿಮಿಷ ಮೀಸಲಿಡಲಿ ಎಂಬುದು ನನ್ನ ವಿನಂತಿ.