ಬಿದಿರಿನಲ್ಲಿ ಆರ್ಗನ್ ಕಟ್ಟಿದ ಫಾದರ್ ಡಿಯೇಗೋ ಸೇರಾ

ಪೈಪ್ ಆರ್ಗನ್ ಎಂದೊಡನೆ ನಮಗೆ ನೆನಪಾಗುವುದು ಯುರೋಪಿನ ಮಹಾದೇವಾಲಯಗಳು ಮತ್ತು ಅಲ್ಲಿನ ಹೊಳೆಯುವ ಲೋಹದ ಕೊಳವೆಗಳು. ಆದರೆ ಲೋಕಪ್ರಸಿದ್ಧವಾದ ಒಂದು ಆರ್ಗನ್ ಬಹುಪಾಲು ಬಿದಿರಿನದು. ಅದು ಫಿಲಿಪ್ಪೀನ್ಸ್‌ನ ಮನಿಲಾ ಸಮೀಪದ ಲಾಸ್ ಪಿನ್ಯಾಸ್‌ನಲ್ಲಿ, ಸಂತ ಜೋಸೆಫರ ಇಗರ್ಜಿಯಲ್ಲಿದೆ. ಕಟ್ಟಿದವರು ಅಲ್ಲಿನ ಧರ್ಮಗುರು ವಂದನೀಯ ಡಿಯೇಗೋ ಸೇರಾ.

1762ರಲ್ಲಿ ಸ್ಪೇನಿನ ಗ್ರಾವ್ಸ್ ಎಂಬಲ್ಲಿ ಜನಿಸಿದ ಅವರು ಅಗಸ್ಟಿನಿಯನ್ ರಿಕಲೆಕ್ಟ್ ಸಭೆಯ ಗುರುಗಳು. 1795ರಲ್ಲಿ ಲಾಸ್ ಪಿನ್ಯಾಸ್‌ಗೆ ಬಂದರು. ಕಡಲಬದಿಯ ಬಡ ಊರು. ಇಗರ್ಜಿ ಕಟ್ಟಿಸಿದರು, ರಸ್ತೆ, ಸೇತುವೆಗಳನ್ನೂ ಮಾಡಿಸಿದರು. ಮನಿಲಾದಲ್ಲಿ ಆರ್ಗನ್ ಕಟ್ಟಿದ ಅನುಭವವೂ ಅವರಿಗಿತ್ತು.

1816ರಲ್ಲಿ ಬಿದಿರು ಕಡಿಸಿದರು. ನಮ್ಮ ಕರಾವಳಿಯವರಿಗೆ ಗೊತ್ತು, ಹಸಿ ಬಿದಿರಿಗೆ ಕುಟ್ಟೆ ಹಿಡಿಯಲು ತಡವಿಲ್ಲ. ಹುಳ ಕೊರೆದ ಕೊಳವೆಯಲ್ಲಿ ಗಾಳಿ ಸೋರಿದರೆ ಸ್ವರವೇ ಕೆಟ್ಟಂತೆ. ಫಾದರ್ ಸೇರಾ ಬಿದಿರನ್ನು ಕಡಲತೀರದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟರು. ಉಪ್ಪುನೀರು ಕುಡಿದ ಬಿದಿರು ಹುಳಕ್ಕೆ ರುಚಿಸಲಿಲ್ಲ. ಉಳಿದ ಗಟ್ಟಿ ಬಿದಿರನ್ನೇ ಆರಿಸಿಕೊಂಡರು.

ಹಾರ್ಮೋನಿಯಂ ಬಲ್ಲವರಿಗೆ ಆರ್ಗನ್ನಿನ ರೀತಿ ಅರ್ಥವಾದೀತು. ತಿದಿ ಗಾಳಿ ತುಂಬುತ್ತದೆ. ಕೀಲಿ ಒತ್ತಿದಾಗ ಅದಕ್ಕೆ ಜೋಡಿಸಿದ ಮರದ ಪಟ್ಟಿ ಒಂದು ಕವಾಟವನ್ನು ತೆರೆಯುತ್ತದೆ, ಗಾಳಿ ನುಗ್ಗಿ ಕೊಳವೆ ಕೊಳಲಿನಂತೆ ನುಡಿಯುತ್ತದೆ. ಉದ್ದದ ಕೊಳವೆಗೆ ತಗ್ಗಿನ ಸ್ವರ, ಗಿಡ್ಡದಕ್ಕೆ ಏರು ಸ್ವರ. ಇಲ್ಲಿ ಇಂತಹ ಕೊಳವೆಗಳು 1031!

1821ರ ಹೊತ್ತಿಗೆ ತುತ್ತೂರಿ ಸ್ವರದ ಕೊಳವೆಗಳನ್ನುಳಿದು ಎಲ್ಲವೂ ಸಿದ್ಧವಾಗಿದ್ದವು. ಆ ಕಂಚಿನ ಕಂಠ ಬಿದಿರಿಗೆ ಬಾರದು. ಹಟ ಹಿಡಿಯದೆ ಅವನ್ನು ಲೋಹದಲ್ಲೇ ಮಾಡಿದರು. 1824ರಲ್ಲಿ ಕೆಲಸ ಮುಗಿದಾಗ 902 ಕೊಳವೆಗಳು ಬಿದಿರಿನವು, 129 ಲೋಹದವು. ಆಗ ಅವರಿಗೆ 62ರ ಆಸುಪಾಸು. 1832ರಲ್ಲಿ ನಿಧನರಾದರು.

ಮುಂದೆ ಭೂಕಂಪ, ಚಂಡಮಾರುತಗಳಿಗೆ ಸಿಕ್ಕಿ ಆರ್ಗನ್ ಮೂಕವಾಯಿತು. ಅಷ್ಟಿಷ್ಟು ದುರಸ್ತಿಯಾಗಿ ಮತ್ತೆ ಕೆಟ್ಟಿತು. ಕೊನೆಗೆ 1973ರಲ್ಲಿ ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳುಹಿಸಿದರು. ಅಲ್ಲಿಯ ಹವೆಗೆ ಬಿದಿರು ಬಿರಿಯಬಾರದೆಂದು ಫಿಲಿಪ್ಪೀನ್ಸ್‌ನ ಸೆಕೆ, ತೇವವಿರುವ ಕೋಣೆಯನ್ನೇ ಸಿದ್ಧಪಡಿಸಿದ್ದರಂತೆ. 1975ರಲ್ಲಿ ಅದು ಊರಿಗೆ ಮರಳಿತು. ಮರುವರ್ಷದಿಂದ ಅದೇ ಇಗರ್ಜಿಯಲ್ಲಿ ಬಿದಿರು ಆರ್ಗನ್ನಿನ ಸಂಗೀತೋತ್ಸವ ಆರಂಭವಾಯಿತು.